ಬಾಹ್ಯಾಕಾಶದಲ್ಲಿ ನೀರು ಬಿಡುವವನು

ಹಳೆಯ ಸಿನಿಮಾವನ್ನು ತೊಳೆದು, ಒರೆಸಿ, ಗೀರುಗಳನ್ನೆಲ್ಲ ತುಂಬಿ, ಹೊಸ ಡಿಸ್ಕಿಗೆ ಹಾಕಿ ಮಾರುವ ಕಸುಬೊಂದಿದೆ. ಅದಕ್ಕೆ ಪುನರುಜ್ಜೀವನ ಎಂಬ ದೊಡ್ಡ ಹೆಸರು. ಹೆಣಕ್ಕೆ ಪೌಡರ್ ಹಚ್ಚುವುದಕ್ಕೂ ಅದಕ್ಕೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ಕಳೆದ ಚಳಿಗಾಲದ ಒಂದು ಭಾನುವಾರದ ನಂತರ ನಾನು ಹೀಗೆ ಹೇಳುತ್ತಿದ್ದೇನೆ. ಅದಕ್ಕೂ ಮೊದಲು ಕೇಳಿದ್ದರೆ ಬೇರೆ ಹೇಳುತ್ತಿದ್ದೆ. ಯಾಕೆಂದರೆ ಅಂಥದೊಂದು ಡಿಸ್ಕನ್ನು ತರಿಸಿ, ಅದು ಯಾವ ಊರು ದಾಟಿತು ಎಂದು ದಿನಕ್ಕೆ ನಾಲ್ಕು ಸಲ ಫೋನಿನಲ್ಲಿ ನೋಡುತ್ತ ಕೂತಿದ್ದ ಪ್ರಾಣಿ ನಾನೇ.

ಬಂತು. ತಗಡಿನ ಡಬ್ಬಿ. ಒಳಗೆ ಎರಡು ಡಿಸ್ಕು, ಐದು ಚಿತ್ರದ ಕಾರ್ಡು, ಒಂದು ಪುಸ್ತಿಕೆ. ಪುಸ್ತಿಕೆಯಲ್ಲಿ ಯಾರೋ ಪಂಡಿತರು ಈ ಸಿನಿಮಾ ಮನುಷ್ಯನ ಏಕಾಂತದ ಕುರಿತು ಆಳವಾಗಿ ಚಿಂತಿಸುತ್ತದೆ ಎಂದು ಬರೆದಿದ್ದರು. ಸಿನಿಮಾ ಚಿಂತಿಸುವುದಿಲ್ಲ. ಚಿಂತಿಸುವವನು ನಾನು, ನನಗೆ ಗೊತ್ತು ಅದು ಹೇಗಿರುತ್ತದೆ ಅಂತ.

ಸಿನಿಮಾದ ಹೆಸರು ಹೇಳುವುದಿಲ್ಲ. ಹೇಳಿದರೆ ನೀವೂ ತರಿಸಿಕೊಂಡು ಆಮೇಲೆ ನನಗೆ ಶಾಪ ಹಾಕುತ್ತೀರಿ. ಕಥೆ ಇಷ್ಟು: ದೂರದ ಒಂದು ಗ್ರಹ, ಅಲ್ಲೊಂದು ಠಾಣೆ, ಒಳಗೆ ಏಳು ಜನ. ಹೊರಗೆ ಉಸಿರಾಡಲು ಗಾಳಿ ಇಲ್ಲ. ಒಳಗಿನ ಗಾಳಿಯೂ ದಿನೇ ದಿನೇ ಕಡಿಮೆಯಾಗುತ್ತಿದೆ. ಏಳರಲ್ಲಿ ಯಾರೋ ಒಬ್ಬರು ಕದ್ದು ವಾಲ್ವು ತಿರುಗಿಸುತ್ತಿದ್ದಾರೆ. ಯಾರು? ಇದೇ ಥ್ರಿಲ್ಲು. ಆ ಏಳು ಜನರಲ್ಲಿ ಒಬ್ಬ ಕುಳ್ಳ, ಬೊಕ್ಕತಲೆ, ದಪ್ಪ ಕನ್ನಡಕ, ಕೈಯಲ್ಲಿ ಸದಾ ಒಂದು ಉದ್ದನೆಯ ಕಬ್ಬಿಣದ ಕೀಲಿ. ಠಾಣೆಯ ಕೊಳವೆಗಳನ್ನು ನೋಡಿಕೊಳ್ಳುವುದು ಅವನ ಕೆಲಸ.

ಆ ಬೊಕ್ಕತಲೆಯವನು ನನ್ನ ಬಾಳಿನ ಆದರ್ಶ. ಬಾಗಿಲು ಮುಚ್ಚಿ, ಎರಡು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ತಳ್ಳಿ ನೋಡುವ ಮನುಷ್ಯ ಅವನು. ಉಳಿದವರೆಲ್ಲ ಅವನನ್ನು ಗೇಲಿ ಮಾಡುತ್ತಾರೆ. ಕೊನೆಗೆ ಅವನೇ ಕಳ್ಳನನ್ನು ಹಿಡಿದು, ಕಟ್ಟಕಡೆಯ ವಾಲ್ವನ್ನು ಮೈಭಾರ ಹಾಕಿ ಮುಚ್ಚಿ, ಎಲ್ಲರನ್ನೂ ಉಳಿಸಿ, ತಾನು ಹೊರಗಿನ ಧೂಳಿನಲ್ಲಿ ಉಳಿದುಬಿಡುತ್ತಾನೆ. ಹೀಗೆಂದು ನಾನು ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಹೇಳಿಕೊಂಡು ಬಂದಿದ್ದೆ. ಮದುವೆಯಾದ ಮೊದಲ ತಿಂಗಳಲ್ಲಿ, ಗ್ಯಾಸ್ ಸಿಲಿಂಡರನ್ನು ಮೂರು ಸಲ ಯಾಕೆ ಮುಟ್ಟಿ ನೋಡುತ್ತೀರಿ ಎಂದು ಹೆಂಡತಿ ಕೇಳಿದಾಗ ಅವಳಿಗೆ ಹೇಳಿದೆ. ಮಗಳು ಸಣ್ಣವಳಿದ್ದಾಗ ಕಥೆ ಹೇಳು ಎಂದಾಗೆಲ್ಲ ಅವಳಿಗೆ ಹೇಳಿದೆ. ಆಫೀಸಿನಲ್ಲಿ ಹೊಸಬರಿಗೆಲ್ಲ ಹೇಳಿದೆ. ನಾನು ಬಂದು ನೆಲೆಸಿದ ಬಂಗಾಳದಲ್ಲಿ, ಸೆಕ್ಟರ್ ಫೈವ್‌ನ ಗಾಜಿನ ಕಟ್ಟಡಗಳಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳ ತಾರೀಕು ಮುಗಿದಿದೆಯೇ, ಹೊರಹೋಗುವ ಬಾಗಿಲಿಗೆ ಯಾರಾದರೂ ಕುರ್ಚಿ ಅಡ್ಡ ಇಟ್ಟಿದ್ದಾರೆಯೇ ಎಂದು ನೋಡುವುದು ನನ್ನ ಉದ್ಯೋಗ. ಭಯಕ್ಕೆ ಸಂಬಳ ಕೊಡುವ ಕೆಲಸ ಬೇರೆಲ್ಲೂ ಸಿಗಲಿಲ್ಲ.

ಇಂಥ ಮನುಷ್ಯನ ಮುಂದೆ ಕಾಲೇಜಿನ ಮೊದಲ ವರ್ಷದಲ್ಲಿರುವ ಮಗಳು ಒಂದು ಹಾಳೆ ತಂದು ಇಟ್ಟಳು.

"ಅಪ್ಪಾ, ಸೈನ್ ಮಾಡು."

"ಏನದು?"

"ಫಾರ್ಮ್. ಸಂದಕ್‌ಫು ಟ್ರೆಕ್. ಕಾಲೇಜಿಂದ. ಗಾರ್ಡಿಯನ್ ಸೈನ್ ಬೇಕಂತೆ."

"ಎಷ್ಟು ಎತ್ತರ?"

"ಉಫ್! ಫಸ್ಟ್ ಕೊಶ್ಚನ್ನೇ ಎತ್ತರ. ಬೇರೆ ಅಪ್ಪಂದಿರು ಯಾರ‍್ಯಾರು ಹೋಗ್ತಾರೆ ಅಂತ ಕೇಳ್ತಾರೆ."

"ಅದನ್ನ ಎರಡನೇದಾಗಿ ಕೇಳೋನಿದ್ದೆ. ಅಲ್ಲಿ ಆಕ್ಸಿಜನ್ ಕಡಿಮೆ."

"ಅಪ್ಪಾ, ಅದು ನಿನ್ನ ಪ್ಲಾನೆಟ್ ಅಲ್ಲ. ಡಾರ್ಜಿಲಿಂಗ್ ಪಕ್ಕದಲ್ಲಿದೆ."

ಅವಳ ಕನ್ನಡ ಅರ್ಧ ನನ್ನ ಧಾರವಾಡದ ಕಡೆಯದು, ಅರ್ಧ ಅವಳ ಅಮ್ಮನ ಮೈಸೂರಿನದು. ಕೀಲುಗಳಿಗೆಲ್ಲ ಹಿಂದಿ, ಇಂಗ್ಲಿಷು ತುಂಬಿ ನಿಲ್ಲಿಸಿದ್ದಾಳೆ. ಕೋಪ ಬಂದರೆ ಪೂರ್ತಿ ಬಂಗಾಳಿ. ಆ ದಿನ ಇನ್ನೂ ಕನ್ನಡದಲ್ಲೇ ಇದ್ದಳಾದ್ದರಿಂದ ನನಗೆ ಧೈರ್ಯವಿತ್ತು. ಚಳಿ, ಜಾರುವ ಕಲ್ಲು, ಜೀಪಿನ ಬ್ರೇಕು, ಗೈಡುಗಳ ಬೇಜವಾಬ್ದಾರಿ, ಒಂದೊಂದಾಗಿ ಹೇಳಿದೆ. ಕೊನೆಗೆ ಬೊಕ್ಕತಲೆಯವನನ್ನೂ ಕರೆದೆ.

"ಬಂದ್ರು ನೋಡು ಟಕ್ಲು ಅಂಕಲ್!" ಎಂದಳು. "ಆ ಮೂವಿ ನಿಜ್ವಾಗ್ಲೂ ಇದೆಯಾ ಅಪ್ಪಾ, ಇಲ್ಲಾ ನಾನು ಸ್ಲೈಡ್ ಮೇಲೆ ಹತ್ಬಾರ್ದು ಅಂತ ನೀನೇ ಮಾಡಿದ್ದಾ?"

ಇದು ಎದೆಗೆ ನಾಟಿತು. ಮೂರನೇ ದಿನ ಡಿಸ್ಕು ಹುಡುಕಿದೆ, ತರಿಸಿದೆ, ಡಬ್ಬಿಯನ್ನು ಅವಳ ಫಾರ್ಮಿನ ಪಕ್ಕದಲ್ಲೇ ಇಟ್ಟೆ. "ನೋಡೋಣ. ಆ ಮನುಷ್ಯ ಎಲ್ಲರನ್ನೂ ಉಳಿಸಿದರೆ ನೀನು ಹೋಗಬಾರದು. ಉಳಿಸದಿದ್ದರೆ ಸೈನ್ ಮಾಡ್ತೀನಿ."

"ಒಂದೂ ಕೊಶ್ಚನ್ ಕೇಳದೆ?"

"ಒಂದೂ ಕೇಳದೆ."

"ಅಮ್ಮಾ, ನೀನು ವಿಟ್ನೆಸ್."

ಅಡುಗೆಮನೆಯಿಂದ ಹೆಂಡತಿ, "ರೀ, ಸುಮ್ನೆ ಸೈನ್ ಮಾಡ್ಬಿಡ್ರೀ. ಆಮೇಲೆ ಮುಖ ಸಣ್ಣ ಮಾಡ್ಕೊಂಡು ಕೂರ್ತೀರಾ," ಎಂದಳು. ಅವಳಿಗೆ ನನ್ನ ಮೇಲೂ ನನ್ನ ಸಿನಿಮಾದ ಮೇಲೂ ಒಂದೇ ಪ್ರಮಾಣದ ನಂಬಿಕೆ.

ನೀವು ಕೇಳಬಹುದು: ಅಷ್ಟು ಹುಷಾರಿನವನು ಫೋನು ತೆಗೆದು ಕಥೆ ಏನೆಂದು ಒಮ್ಮೆ ನೋಡಿಕೊಳ್ಳಬಾರದಿತ್ತೇ? ಮಗಳು ನೋಡಲಿಲ್ಲ, ಮೊದಲೇ ಕಥೆ ತಿಳಿಯುವುದು ಅವಳ ಪೀಳಿಗೆಗೆ ಮಹಾಪಾಪ. ನಾನು ನೋಡಲಿಲ್ಲ, ಯಾಕೆಂದರೆ ನನಗೆ ಗೊತ್ತಿತ್ತು. ಈ ಪ್ರಪಂಚದಲ್ಲಿ ನಾನು ಎರಡನೇ ಸಲ ತಳ್ಳಿ ನೋಡದ ಬಾಗಿಲು ಅದೊಂದೇ.

ನನಗೆ ಹೇಗೆ ಗೊತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮೂರಲ್ಲಿ ಆಗ ವರ್ಷಕ್ಕೆ ಒಂದೆರಡು ಸಲ ಓಣಿಯವರೆಲ್ಲ ಪಟ್ಟಿ ಹಾಕಿ ಟಿವಿ, ವಿಸಿಆರ್ ಬಾಡಿಗೆಗೆ ತರುತ್ತಿದ್ದರು. ಜೊತೆಗೆ ಮೂರು ಕ್ಯಾಸೆಟ್ಟು: ಮೊದಲು ಒಂದು ದೇವರದು, ಆಮೇಲೆ ಒಂದು ಕನ್ನಡದ್ದು, ಮೂರನೆಯದು ಅಂಗಡಿಯವನು ತಾನೇ ಸೇರಿಸಿ ಕೊಡುತ್ತಿದ್ದ ಇಂಗ್ಲಿಷಿನದು. ಮೂರನೆಯದು ಶುರುವಾಗುವ ಹೊತ್ತಿಗೆ ಬೆಳಕು ಹರಿದು, ಹಿರಿಯರೆಲ್ಲ ಚಾಪೆ ಸುತ್ತಿಕೊಂಡು ಮನೆಗೆ ಹೋಗಿರುತ್ತಿದ್ದರು. ಆ ಸಲ ಉಳಿದವರು ನಾನು ಮತ್ತು ನನ್ನಣ್ಣ. ನನಗೆ ಒಂಬತ್ತು, ಅವನಿಗೆ ಹದಿಮೂರು. ಇಬ್ಬರದೂ ಕನ್ನಡ ಶಾಲೆ. ಅಣ್ಣನಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದದ್ದು ರಜೆ ಅರ್ಜಿ ಒಂದೇ. ಆದರೂ ಪರದೆಯ ಮೇಲೆ ಬಾಯಿ ಆಡಿದ ಕೂಡಲೇ ಅವನು ಕನ್ನಡದಲ್ಲಿ ಹೇಳಬೇಕು, ನಾನು ಕೇಳಬೇಕು. ಅದು ನಮ್ಮ ಪದ್ಧತಿ.

ಠಾಣೆಯ ಮುಖ್ಯಸ್ಥ ಹುಬ್ಬುಗಂಟಿಕ್ಕಿ ಏನೋ ಕೇಳುತ್ತಾನೆ. ಅಣ್ಣ: "ಏನಲೇ, ಇವತ್ತು ಗಾಳಿ ಯಾಕ ಬಿಟ್ಟಿಲ್ಲ?" ಬೊಕ್ಕತಲೆಯವನು ಕನ್ನಡಕ ಸರಿಮಾಡಿಕೊಂಡು ಉತ್ತರ ಕೊಡುತ್ತಾನೆ. ಅಣ್ಣ: "ಸಾಹೇಬ್ರ, ಮ್ಯಾಲಿಂದನ ಬಂದಿಲ್ರಿ. ಇನ್ನೊಮ್ಮೆ ನೋಡಿ ಬರ್ತೀನ್ರಿ."

ಈ ಮಾತು ಅಣ್ಣ ಎಲ್ಲಿಂದ ತಂದ ಎಂದು ನನಗೆ ಆಗಲೇ ಗೊತ್ತಿತ್ತು. ಅದು ನಮ್ಮಪ್ಪನ ಮಾತು. ಅಪ್ಪ ಊರಿನ ಓಣಿಗಳಿಗೆ ನಳದ ನೀರು ಬಿಡುವವರು, ವಾಲ್ವ್‌ಮನ್. ಕುಳ್ಳು, ಬೊಕ್ಕತಲೆ, ದಪ್ಪ ಕನ್ನಡಕ. ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದ ಆಳೆತ್ತರದ ಕಬ್ಬಿಣದ ಕೀಲಿ. ರಸ್ತೆಯ ನಡುವಿನ ಕುಣಿಯೊಳಗೆ ಅದನ್ನು ಇಳಿಬಿಟ್ಟು ತಿರುಗಿಸಿದರೆ ಒಂದು ಓಣಿಗೆ ನೀರು. ಉಲ್ಟಾ ತಿರುಗಿಸಿದರೆ ಕೊಡ ಖಾಲಿ. ನೀರು ವಾರಕ್ಕೊಮ್ಮೆ ಬರುತ್ತಿದ್ದ ಊರು. ಬಂದ ದಿನ ಯಾರೂ ಅಪ್ಪನ ಸುದ್ದಿ ಎತ್ತುತ್ತಿರಲಿಲ್ಲ. ಬಾರದ ದಿನ ಎಲ್ಲರಿಗೂ ಅವರ ಹೆಸರು ನೆನಪಾಗುತ್ತಿತ್ತು. ಅಂಥ ಅಪ್ಪ ಇಂಗ್ಲಿಷ್ ಸಿನಿಮಾದಲ್ಲಿ, ಅದೂ ಬಾಹ್ಯಾಕಾಶದಲ್ಲಿ, ಅದೇ ಕೀಲಿ ಹಿಡಿದುಕೊಂಡು ಓಡಾಡುತ್ತಿದ್ದರೆ ಒಂಬತ್ತು ವರ್ಷದವನಿಗೆ ಹೇಗಾಗಬೇಡ?

ಕೊನೆಯ ಇಪ್ಪತ್ತು ನಿಮಿಷ ನಾವು ನೋಡಲಿಲ್ಲ. ಬಾಡಿಗೆಯ ಹೊತ್ತು ಮುಗಿದು, ಅಂಗಡಿಯವನು ಕೈಗಾಡಿ ತಂದು, ಬೊಕ್ಕತಲೆಯವನು ವಾಲ್ವಿನ ಮೇಲೆ ಕೈ ಇಟ್ಟಿರುವಾಗಲೇ ವೈರು ಕಿತ್ತು ವಿಸಿಆರನ್ನು ಹೊತ್ತುಕೊಂಡು ಹೋದ. ಅಣ್ಣ ಅವನ ಹಿಂದೆ ಓಡಿಹೋಗಿ ಕೊನೆ ಏನಾಗುತ್ತದೆ ಎಂದು ಕೇಳಿಕೊಂಡು ಬಂದ. ಶಾಲೆಗೆ ಹೋಗುವ ದಾರಿಯಲ್ಲಿ ನನಗೆ ಹೇಳಿದ. ಅವನು ಹೇಳಿದ್ದನ್ನೇ ನಾನು ನೋಡಿದ್ದೇನೆ ಎಂದು ನಂಬಿದೆ. ವಾಲ್ವಿಗೆ ಮೈಭಾರ ಹಾಕಿದ ಆ ದೃಶ್ಯದಲ್ಲಿ ಅವನ ಕನ್ನಡಕದ ಮೇಲೆ ಬಿದ್ದ ಬೆವರಿನ ಹನಿಯೂ ನನಗೆ ನೆನಪಿತ್ತು. ಇಂಥ ಬುದ್ಧಿಗೆ ನೆನಪು ಎನ್ನುತ್ತೇವೆ.

ಡಿಸ್ಕು ಬಂದರಾಯಿತೇ, ಹಾಕುವುದು ಯಾವುದರಲ್ಲಿ? ಈಗ ಯಾರ ಮನೆಯಲ್ಲೂ ಡಿಸ್ಕು ಪ್ಲೇಯರ್ ಇಲ್ಲ. ಗರಿಯಾಹಾಟಿನ ಹಿಂದಿನ ನಮ್ಮ ಗಲ್ಲಿಯಲ್ಲಿ ಅಂಥದೊಂದು ಇದ್ದದ್ದು ಕೆಳಗಿನ ಮಹಡಿಯ ನಿವೃತ್ತ ಪ್ರೊಫೆಸರರ ಹತ್ತಿರ. ಮಗಳು ಅವರನ್ನು ಜೇಠೂ, ಅಂದರೆ ದೊಡ್ಡಪ್ಪ, ಎನ್ನುತ್ತಾಳೆ. ಅವರು ಸಿನಿಮಾ ನೋಡುವುದಿಲ್ಲ, ಸಿನಿಮಾವನ್ನು ಓದುತ್ತಾರೆ. ಜಗತ್ತಿನಲ್ಲಿ ಒಟ್ಟು ಹನ್ನೆರಡು ಒಳ್ಳೆಯ ಸಿನಿಮಾಗಳಿವೆ ಎಂಬುದು ಅವರ ಮತ. ಹನ್ನೊಂದು ಅವರ ಕಪಾಟಿನಲ್ಲಿವೆ. ನನ್ನ ತಗಡಿನ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ರಾಕೆಟ್ ಇದೆಯಾ ಮೊಶಾಯ್?" ಎಂದರು. ಮೊಶಾಯ್ ಎಂದರೆ ಮಹಾಶಯರೇ ಎಂದು. ಇದೆ ಎಂದೆ. "ಪರವಾಗಿಲ್ಲ, ತನ್ನಿ. ಭಾನುವಾರ ಊಟ ಆದ ಮೇಲೆ. ಅಜೀರ್ಣ ಇದ್ದೇ ಇರುತ್ತದೆ."

ಭಾನುವಾರ ಮಧ್ಯಾಹ್ನ ನಾವು ಮೂವರೂ ಇಳಿದು ಹೋದೆವು. ನಮ್ಮೂರಿನವರು ಫ್ಯಾನು ಹಾಕಿಕೊಳ್ಳುವ ಹವೆಯಲ್ಲಿ ಪ್ರೊಫೆಸರರು ಕಿವಿ ಮುಚ್ಚುವ ಟೊಪ್ಪಿಗೆ ಹಾಕಿ ಕೂತಿದ್ದರು. ಬಟ್ಟಲಲ್ಲಿ ಮುಡಿ, ಅಂದರೆ ನಮ್ಮ ಚುರುಮುರಿ, ಅದರ ಮೇಲೆ ಹಸಿ ಸಾಸಿವೆ ಎಣ್ಣೆ. ಗಿರ್ಮಿಟ್ ತಿಂದು ಬೆಳೆದವನಿಗೆ ಇದನ್ನು ಕೊಟ್ಟು ಹೇಗಿದೆ ಎಂದು ಕೇಳುವುದು ಹಿಂಸೆ. ಇಪ್ಪತ್ತು ವರ್ಷದಿಂದ ಚೆನ್ನಾಗಿದೆ ಎನ್ನುತ್ತಿದ್ದೇನೆ.

ಸಿನಿಮಾ ಶುರುವಾಯಿತು. ಮೊದಲು ಒಂದು ಫಲಕ: ಮೂಲ ನೆಗೆಟಿವ್‌ನಿಂದ ಚೌಕಟ್ಟು ಚೌಕಟ್ಟಾಗಿ ಶುದ್ಧಗೊಳಿಸಲಾಗಿದೆ. ಎಷ್ಟು ಶುದ್ಧ ಎಂದರೆ ಮೊದಲ ಐದೇ ನಿಮಿಷದಲ್ಲಿ ಠಾಣೆಯ ಗೋಡೆಯ ಮೇಲಿನ ಭಯಾನಕ ಯಂತ್ರಗಳೆಲ್ಲ ಬೆಳ್ಳಿ ಬಣ್ಣ ಬಳಿದ ಮೊಟ್ಟೆಯ ಟ್ರೇಗಳು ಎಂದು ಕಂಡಿತು. ಕಿಟಕಿಯಾಚೆಯ ಗ್ರಹ ಒಂದು ಬಟ್ಟೆ, ಇಸ್ತ್ರಿ ಮಾಡಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಧೂಳಿನ ಬಿರುಗಾಳಿ ಇರಲಿಲ್ಲ. ನನ್ನ ನೆನಪಿನಲ್ಲಿ ಆ ಗ್ರಹದ ಮೇಲೆ ಹಗಲಿರುಳು ಬಿಳಿ ಧೂಳು ಅಡ್ಡಡ್ಡ ಬೀಸುತ್ತಿತ್ತು. ಅದು ಕ್ಯಾಸೆಟ್ಟಿನ ಸವೆತ. ಊರೂರು ಸುತ್ತಿ ಬಂದ ಟೇಪಿನ ಗೆರೆಗಳನ್ನು ನಾನು ಇನ್ನೊಂದು ಲೋಕದ ಹವಾಮಾನ ಎಂದುಕೊಂಡಿದ್ದೆ. ಶುದ್ಧ ಮಾಡಿದವರು ಇಡೀ ಬಿರುಗಾಳಿಯನ್ನು ಒರೆಸಿ ಹಾಕಿದ್ದರು.

"ಕ್ಲಿಯರ್ ಸ್ಕೈ," ಎಂದಳು ಮಗಳು. "ಟ್ರೆಕ್ಕಿಂಗಿಗೆ ಬೆಸ್ಟು."

ಬೊಕ್ಕತಲೆಯವನು ಬಂದ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಇವನು ಹಾಗೆಯೇ ಇದ್ದ, ಅದೇ ಕೀಲಿ, ಅದೇ ನಡಿಗೆ. ಮುಖ್ಯಸ್ಥ ಹುಬ್ಬುಗಂಟಿಕ್ಕಿದ. ನನ್ನ ತುಟಿ ತಾನಾಗಿಯೇ "ಇವತ್ತು ಗಾಳಿ ಯಾಕ ಬಿಟ್ಟಿಲ್ಲ" ಎಂದಿತು. ಕೆಳಗೆ ಅಕ್ಷರಗಳು ಮೂಡಿದವು. ಮುಖ್ಯಸ್ಥ ಕೇಳಿದ್ದು ಕಾಫಿ ಮುಗಿಯಿತೇ ಅಂತ. ಬೊಕ್ಕತಲೆಯವನು ಹೇಳಿದ್ದು, ಸಕ್ಕರೆಯೂ ಮುಗಿದಿದೆ ಅಂತ.

ಪ್ರೊಫೆಸರರು ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಹನ್ನೆರಡು ಸಿನಿಮಾಗಳ ಹೊರಗಿನದಕ್ಕೆ ಅಷ್ಟೇ ಮರ್ಯಾದೆ. ನಾನು ಮಾತ್ರ ಕುರ್ಚಿಯ ತುದಿಯಲ್ಲಿದ್ದೆ. ಒಂದು ಗಂಟೆ ಕಳೆದಿರಬೇಕು, ಮಗಳು ಬಗ್ಗಿದಳು.

"ಅಪ್ಪಾ, ಅವನು ಯಾಕೆ ಎಲ್ಲರೂ ಹೋದ್ಮೇಲೇ ಚೆಕ್ ಮಾಡ್ತಾನೆ?"

"ಡ್ಯೂಟಿ. ನಾನೂ ಆಫೀಸಲ್ಲಿ ಹಾಗೇ ಮಾಡೋದು."

"ಹಾಂ. ಆದ್ರೆ ಬಲಗಡೆ ತಿರುಗ್ಸಿದ್ರೆ ತಾನೇ ಕ್ಲೋಸ್ ಆಗೋದು? ಇವನು ಎಡಗಡೆ ತಿರುಗ್ಸ್ತಿದ್ದಾನೆ. ಪ್ರತಿ ಸಲ."

ನಾನು ನೋಡಿದೆ. ಎಡಗಡೆ. ವಾಲ್ವ್‌ಮನ್‌ನ ಮಗ ನಾನು. ಅನ್ನ ತಿನ್ನುವುದೂ ವಾಲ್ವು, ಹೈಡ್ರಂಟು ಪರೀಕ್ಷಿಸಿ. ಈ ಮನುಷ್ಯ ಒಂದು ಗಂಟೆಯಿಂದ ನನ್ನ ಕಣ್ಣೆದುರೇ ಠಾಣೆಯ ಗಾಳಿಯನ್ನು ಹೊರಗೆ ಬಿಡುತ್ತಿದ್ದ. ನಾನು ಅವನ ಶ್ರದ್ಧೆಯನ್ನು ಮೆಚ್ಚುತ್ತ ಕೂತಿದ್ದೆ.

"ರೀ," ಎಂದಳು ಹೆಂಡತಿ, ಸಾಂತ್ವನದ ದನಿಯಲ್ಲಿ, "ಆಯಪ್ಪ ಮುಚ್ತಾ ಇಲ್ಲ ಕಣ್ರೀ. ಬಿಡ್ತಾ ಇದ್ದಾನೆ."

ಪ್ರೊಫೆಸರರಿಗೆ ಸರಿಯಾಗಿ ಅದೇ ಹೊತ್ತಿಗೆ ಎಚ್ಚರವಾಯಿತು. ಒಂದು ನಿಮಿಷ ನೋಡಿ, ಟೊಪ್ಪಿಗೆ ಹಿಂದೆ ಸರಿಸಿ, "ಅರೇ ಮೊಶಾಯ್! ನಿಮ್ಮ ಹೀರೋ ಕೊಲೆಗಾರ!" ಎಂದರು. ಆ ಮಧ್ಯಾಹ್ನ ಅವರಿಗೆ ಆದ ಸಂತೋಷವನ್ನು ಆ ಹನ್ನೆರಡು ಸಿನಿಮಾಗಳು ಸೇರಿ ಕೊಟ್ಟಿರಲಾರವು.

ಇನ್ನು ನಾವು ಎಂದೂ ನೋಡದಿದ್ದ ಆ ಇಪ್ಪತ್ತು ನಿಮಿಷ. ಗಾಳಿ ಇಲ್ಲದ ಠಾಣೆಯಲ್ಲೂ ಕೂದಲು ಕೆದರದ ಒಬ್ಬ ಡಾಕ್ಟರಮ್ಮ ಅವನನ್ನು ಹಿಡಿಯುತ್ತಾಳೆ. ಅವನು ಕೀಲಿ ಎತ್ತಿಕೊಂಡು ಎರಡು ಪುಟ ಭಾಷಣ ಮಾಡುತ್ತಾನೆ: ಇಷ್ಟು ವರ್ಷ ನಿಮಗೆ ಉಸಿರು ಕೊಟ್ಟವನು ನಾನು, ನಿಮ್ಮಲ್ಲಿ ಒಬ್ಬರೂ ಒಂದು ದಿನ ನನ್ನ ಕಡೆ ತಿರುಗಿ ನೋಡಲಿಲ್ಲ, ಗಾಳಿ ನಿಂತ ದಿನ ಎಲ್ಲರೂ ನನ್ನನ್ನೇ ಕೂಗುತ್ತೀರಿ. ಆಮೇಲೆ ಬಾಗಿಲಾಚೆ ಬಿದ್ದು ಸಾಯುತ್ತಾನೆ, ಬೆನ್ನಿಗೆ ಕಟ್ಟಿದ ದಾರ ಸ್ಪಷ್ಟವಾಗಿ ಕಾಣುತ್ತಿರುವಾಗ. ಇಷ್ಟೇ ಕಾರಣಕ್ಕೆ ಕೊಲ್ಲುವುದೇ? ಹಾಗಾದರೆ ನಮ್ಮಪ್ಪ ಅರ್ಧ ಊರನ್ನೇ ಮುಗಿಸಬೇಕಿತ್ತು.

ಇಂಥ ಕಸವನ್ನು ಬರೆದವರು, ತೆಗೆದವರು, ತೊಳೆದವರು, ಪುಸ್ತಿಕೆ ಬರೆದವರು ಎಲ್ಲರನ್ನೂ ಮನಸ್ಸಿನಲ್ಲೇ ಒಂದು ಸಾಲಿನಲ್ಲಿ ನಿಲ್ಲಿಸಿದೆ. ಸಾಲಿನ ಮೊದಲಲ್ಲಿ ನಿಂತವನು ನಾನು. ಎರಡನೆಯ ಡಿಸ್ಕಿನಲ್ಲಿ ಚಿತ್ರ ತಯಾರಾದ ಬಗೆ ಇದೆಯಂತೆ, ಅದನ್ನೂ ನೋಡೋಣವೇ ಎಂದರು ಪ್ರೊಫೆಸರರು. ಬೇಡ ಎಂದೆ. ಬಗೆ ಕಾಣುತ್ತಲೇ ಇತ್ತು.

ಮೆಟ್ಟಿಲು ಹತ್ತುವಾಗ ಮಗಳು ನನ್ನ ಡಬ್ಬಿಯನ್ನು ಎರಡೂ ಕೈಯಲ್ಲಿ ಗೌರವದಿಂದ ಹೊತ್ತು ತಂದಳು. ಇದು ಗೆದ್ದವರ ಅತಿ ಕ್ರೂರ ಪದ್ಧತಿ. ಮನೆಗೆ ಬಂದು ಫಾರ್ಮನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟಳು. ನಾನು ಫೋನು ತೆಗೆದೆ.

"ಯಾರಿಗೆ?"

"ನಿಮ್ಮ ದೊಡ್ಡಪ್ಪಗೆ. ಅವನನ್ನ ಒಂದು ಮಾತು ಕೇಳ್ಬೇಕು."

"ಸ್ಪೀಕರಿಗೆ ಹಾಕು."

ಅಣ್ಣ ಊರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ನನ್ನ ಫೋನು ಬಂದರೆ ಯಾವಾಗಲೂ ಮೊದಲು "ಏನಾತು?" ಎನ್ನುತ್ತಾನೆ.

"ಏನಾತು?"

"ಏನೂ ಆಗಿಲ್ಲ. ಅಣ್ಣಾ, ಸಣ್ಣಾವ್ರಿದ್ದಾಗ ಓಣ್ಯಾಗ ವಿಸಿಆರ್ ತಂದಿದ್ರಲ್ಲ. ಮುಂಜಾನೆ ನಾವಿಬ್ಬರ ಕುಂತು ಇಂಗ್ಲಿಷ್ ಸಿನಿಮಾ ನೋಡಿದ್ವಿ. ಬೊಕ್ಕತಲಿಯಾಂವ, ಕೈಯಾಗ ಕೀಲಿ..."

"ಓ, ಆ ಕಳ್ಳ ಬಾಡ್ಯಾನ!"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ನಾನು ಕುರ್ಚಿಯಲ್ಲಿ ಕೂತೆ.

"ಅಂವ ಕಳ್ಳ ಅಂತ ನಿನಗ ಗೊತ್ತಿತ್ತಾ?"

"ಗೊತ್ತಿಲ್ದ ಏನು? ವಿಸಿಆರ್ ಒಯ್ಯಾಕ ಬಂದಾಂವನ ಹೇಳಿದ್ನಲ್ಲ. 'ಕಡೀಕ ಏನಾಕ್ಕೇತ್ರೀ ಕಾಕಾ' ಅಂತ ಗಾಡಿ ಹಿಂದ ಓಡಿಕೋತ ಕೇಳಿದೆ. 'ಬೊಕ್ಕತಲಿಯವನ ಎಲ್ಲಾ ಮಾಡ್ಯಾನ, ಅವನೂ ಸಾಯ್ತಾನ, ಹೋಗು' ಅಂದ."

"ಮತ್ತ ನನಗ್ಯಾಕ ಸುಳ್ಳ ಹೇಳಿದಿ?"

ಅಂಗಡಿಯಲ್ಲಿ ಯಾವುದೋ ಮೋಟರು ತಿರುಗುತ್ತಿತ್ತು. ಅಣ್ಣ ಅದನ್ನು ಆರಿಸಿದ.

"ನೀ ಸಿನಿಮಾ ಚಾಲೂ ಆದಾಗಿಂದ 'ಅಣ್ಣಾ, ಅಪ್ಪನಂಗ ಅದಾನ, ಅಪ್ಪನಂಗ ಅದಾನ' ಅಂತ ಒಂದ ಸಮನ ಹಚ್ಚಿದ್ದಿ. ಆ ವಾರನ ಎಲ್ಲೋ ದೊಡ್ಡ ಪೈಪ್ ಒಡದು ನೀರ ಬಂದಿರ್ಲಿಲ್ಲ. ಮಂದಿ ಮನಿ ಮುಂದ ಬಂದು ಖಾಲಿ ಕೊಡಾ ಒಗದು, ಅಪ್ಪಗ ಏನೇನ್ ಅಂದು ಹೋಗಿದ್ರು. ನೀರು ಮಾರ‍್ಕೊಂಡಾನ ಅಂದ್ರು. ನೆನಪಿಲ್ಲೇನ್ ನಿನಗ?"

ನೆನಪಿರಲಿಲ್ಲ. ಬೆವರಿನ ಹನಿ ನೆನಪಿತ್ತು, ಆಗದೇ ಇದ್ದದ್ದು. ಅಂಗಳಕ್ಕೆ ಬಂದು ಬಿದ್ದ ಕೊಡಗಳು ನೆನಪಿರಲಿಲ್ಲ.

"ಅಪ್ಪ ಆ ವಾರ ಪೂರ್ತಿ ಬಾಯಿ ಬಿಡಲಿಲ್ಲ," ಎಂದ ಅಣ್ಣ. "ಸುಮ್ನ ಸೈಕಲ್ ತಗೊಂಡು ಹೋಗೋದು, ಬರೋದು. ಇನ್ನ ನಾ ನಿನಗ, ಹೌದಪಾ, ವಾಲ್ವ್ ತಿರುವಾಂವನ ಕಳ್ಳ ಅಂತ ಹೇಳ್ಲೇನ? ಒಂದ ಸಿನಿಮಾದಾಗರೆ ಅಂವ ಗೆಲ್ಲಲಿ ಅಂತ ಗೆಲ್ಲಿಸಿದೆ. ಈಗ್ಯಾಕ ಕೇಳಾಕತ್ತಿ ಅದನ್ನ?"

ಹೇಳಿದೆ. ಡಿಸ್ಕು, ಪಣ, ಫಾರ್ಮು, ಎಲ್ಲ. ಅಣ್ಣ ಹೋ ಎಂದು ನಕ್ಕ.

"ಅಂದ್ರ ನಾ ಹೇಳಿದ್ದ ಕಥಿ ನಂಬಿ ನೀ ಇಷ್ಟ ವರ್ಷ ಅಂಜಿಕೋತ ಬಾಳೇವು ಮಾಡಿದಿ? ಥೂ ನಿನ್ನ! ನಾ ಅದನ್ನ ಮರುದಿನಾನ ಮರ್ತಿದ್ದೆ ಮಾರಾಯಾ. ಕೂಸು ಅಲ್ಲೇ ಐತೇನು?"

"ಇದ್ದೀನಿ ದೊಡ್ಡಪ್ಪಾ."

"ಹೋಗವಾ ನೀ. ಆರಾಮ ಹೋಗಿ ಬಾ. ನಿಮ್ಮಪ್ಪನ ಮಾತ ಕೇಳಬ್ಯಾಡ."

"ಥ್ಯಾಂಕ್ಯೂ ದೊಡ್ಡಪ್ಪಾ!"

"ಕಾಲಚೀಲ ಎರಡ ಜೋಡಿ ಹೆಚ್ಚಿಗಿ ಒಯ್ಯಿ. ಉಣ್ಣೀವು. ಮತ್ತ ಮ್ಯಾಲ ಮುಟ್ಟಿದ ಕೂಡ್ಲೇ ನನಗೊಂದು ಫೋನ್ ಹಚ್ಚು. ನಿಮ್ಮಪ್ಪಗ ಹಚ್ಚಲಿಲ್ಲಂದ್ರೂ ನನಗ ಹಚ್ಚು. ಬ್ಯಾಟ್ರಿ ಎರಡದಾವಿಲ್ಲೋ? ಒಂದರಾಗ ಆಗಂಗಿಲ್ಲ."

ಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಲಿಲ್ಲ. ಆ ಸಿನಿಮಾವನ್ನು ಮರುದಿನವೇ ಮರೆತವನು ಇವನು.

ಫಾರ್ಮು ಎಳೆದುಕೊಂಡೆ. ನನ್ನ ಬಳಿ ಹನ್ನೊಂದು ಪ್ರಶ್ನೆಗಳಿದ್ದವು, ಎಣಿಸಿದ್ದೆ. ಒಂದೂ ಕೇಳಲಿಲ್ಲ. ತುರ್ತು ಸಂಪರ್ಕಕ್ಕೆ ಎರಡು ನಂಬರು ಬರೆಯುವ ಜಾಗವಿತ್ತು. ಮೊದಲನೆಯದರಲ್ಲಿ ನನ್ನದು, ಎರಡನೆಯದರಲ್ಲಿ ಹೆಂಡತಿಯ ನಂಬರು ಬರೆಯಹೋಗಿ ನಿಲ್ಲಿಸಿ, ಅಣ್ಣನದು ಬರೆದೆ. ಸೈನ್ ಮಾಡಿದೆ. ಮಗಳು ಹಾಳೆ ಎತ್ತಿಕೊಂಡು ಬಾಗಿಲ ತನಕ ಹೋಗಿ ತಿರುಗಿದಳು.

"ಗೈಡ್ ಲೋಕಲ್. ಹತ್ತು ವರ್ಷದಿಂದ ಮಾಡ್ತಿದ್ದಾರೆ. ಡಾಕ್ಟರ್ ಕಿಟ್ ಇದೆ."

"ನಾನೇನೂ ಕೇಳಲಿಲ್ಲ."

"ಗೊತ್ತು. ಮುಖ ಕೇಳ್ತಿತ್ತು."

ಹನ್ನೊಂದರಲ್ಲಿ ಮೂರು ಕಳೆದವು.

ಮೂರು ವಾರದ ನಂತರ ಹೌರಾದಲ್ಲಿ ಬೆಳಗಿನ ರೈಲು. ರೈಲು ಬಿಡುವ ಒಂದೂವರೆ ಗಂಟೆ ಮೊದಲೇ ನಾವಿದ್ದೆವು. ಯಾರ ದೆಸೆಯಿಂದ ಎಂದು ಹೇಳಬೇಕಾಗಿಲ್ಲ. ಅವಳ ಗೆಳತಿಯರು ಒಬ್ಬೊಬ್ಬರಾಗಿ ಬಂದು, ನನ್ನನ್ನು ನೋಡಿ, ಅವಳ ಕಿವಿಯಲ್ಲಿ ಏನೋ ಕೇಳಿ ನಕ್ಕರು. ಟಕ್ಲು ಎಂಬ ಶಬ್ದ ನನಗೆ ಕೇಳಿಸಿತು. ನನ್ನ ತಲೆಯೂ ಈಗ ಆ ಕಡೆಗೇ ಹೊರಟಿದೆ, ಆದ್ದರಿಂದ ಯಾರ ಬಗ್ಗೆ ಎಂದು ನಿಶ್ಚಯವಿಲ್ಲ. ಹಮಾಲರು ದಾರಿ ಬಿಡಿ ಎಂದು ಕೂಗುತ್ತಿದ್ದರು. ನಾನು ದಾರಿಯಲ್ಲೇ ನಿಂತು, ಹೇಳಬಾರದ ಎಂಟು ಮಾತುಗಳನ್ನು ಬಾಯಲ್ಲಿ ಇಟ್ಟುಕೊಂಡು, ಅವಳ ಚೀಲದ ಜಿಪ್ಪನ್ನು ನೋಡುತ್ತಿದ್ದೆ.

"ಬರ್ತೀನಿ ಅಪ್ಪಾ."

"ಹೂಂ."

"ಇಷ್ಟೇನಾ?"

"ಇಷ್ಟೇ."

ಅವಳು ಹತ್ತಿದಳು. ದಪ್ಪ ಗಾಜಿನ ಕಿಟಕಿ; ಒಳಗಿನದು ಕಾಣುತ್ತದೆ, ಕೇಳಿಸುವುದಿಲ್ಲ. ಚೀಲವನ್ನು ಮೇಲಿನ ಹಲಗೆಗೆ ಏರಿಸಿ, ನನ್ನ ಕಡೆ ತಿರುಗಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡಳು. ಚೀಲದ ಪಟ್ಟಿ ಹಿಡಿದು ಗಂಭೀರವಾಗಿ ಎಳೆದು ನೋಡಿದಳು. ಬಿಗಿಯಾಗಿದೆ ಎಂದು ನನಗೆ ಹೆಬ್ಬೆರಳು ತೋರಿಸಿದಳು. ಗೆಳತಿಯರು ಬಿದ್ದು ಬಿದ್ದು ನಕ್ಕರು. ಬೊಕ್ಕತಲೆಯವನನ್ನು ಅವಳು ಅವನಿಗಿಂತ ಚೆನ್ನಾಗಿ ಮಾಡಿದಳು.

ರೈಲು ಅಲುಗಿತು. ಅವಳು ಕೂತಳು, ಪಕ್ಕದವಳ ಜೊತೆ ಮಾತಿಗೆ ಶುರುಮಾಡಿದಳು. ನಾನು ಇನ್ನೂ ಅಲ್ಲೇ ಇದ್ದೇನೆ ಎಂಬುದು ಅವಳಿಗೆ ಮರೆತಿತ್ತು. ಬೋಗಿ ಮುಂದೆ ಸರಿಯುತ್ತಿದ್ದಂತೆ, ಮಾತಿನ ನಡುವೆಯೇ, ಯಾರ ಕಡೆಗೂ ನೋಡದೆ, ಅರ್ಧ ಎದ್ದು ಕೈ ಮೇಲೆ ಚಾಚಿ, ಆ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದಳು.